ಪೋಷಕರ ಮನಸ್ಸಿಗೂ ಆರೈಕೆ ಬೇಕು

ಮಾನ್ಯರೇ,

ಆಟಿಸಂ ಇರುವ ನನ್ನ ಒಂಬತ್ತು ವರ್ಷದ ಮಗ ರಾತ್ರಿ ಎರಡಕ್ಕೇ ಎದ್ದು ಕುಳಿತರೆ, ಅವನ ಬೆನ್ನು ಸವರುತ್ತಾ ಬೆಳಗಿನವರೆಗೆ ನಾನೂ ಎಚ್ಚರವಿರುತ್ತೇನೆ. ಹೀಗೆ ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ, ‘ಹೆತ್ತವಳು ಸರಿಯಾಗಿ ಮಾತು ಕಲಿಸಲಿಲ್ಲ’ ಎಂಬ ನೆಂಟರ ಚುಚ್ಚುಮಾತೂ ಸೇರಿದರೆ ಖಿನ್ನತೆ ಆವರಿಸದೆ ಇದ್ದೀತೆ? ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೇ ಹೊರತು ಸಾಕಿದ ರೀತಿಯಿಂದ ಬರುವಂಥದ್ದಲ್ಲ. ಆಟಿಸಂನಂತಹ ಸಮಸ್ಯೆ ಇರುವವರಿಗಾಗಿ ಕೇಂದ್ರದ ನಿರಾಮಯ ಆರೋಗ್ಯ ವಿಮೆಯಲ್ಲಿ ಮಗುವಿನ ಚಿಕಿತ್ಸೆಗೆ 1 ಲಕ್ಷ ರೂಪಾಯಿವರೆಗೆ ನೆರವಿದೆ; ಆದರೆ ಥೆರಪಿ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕಾಯುವ ತಾಯಿಯನ್ನು ‘ನೀವು ಹೇಗಿದ್ದೀರಿ’ ಎಂದು ಕೇಳುವವರಿಲ್ಲ. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದೆಂಬುದು ನನಗೇ ತಡವಾಗಿ ತಿಳಿಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಗುವಿನ ತಪಾಸಣೆಯ ದಿನವೇ ಪೋಷಕರಿಗೂ ಆಪ್ತಸಮಾಲೋಚನೆ ದೊರೆಯುವಂತೆ, ವಾರಕ್ಕೆ ಕೆಲವು ಗಂಟೆಯಾದರೂ ಮಗುವನ್ನು ನಂಬಿ ಬಿಡಬಹುದಾದ ಆರೈಕೆ ಕೇಂದ್ರಗಳು ತೆರೆಯುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು.

– ಒಬ್ಬ ತಾಯಿ, ಹಾಸನ