ಹಸು ತರುವ ಮುಂಚೆ 15 ದಿನ ಕಲಿಯೋಕೆ ಬಿಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಪಕ್ಕದ ಬೀದಿಗೆ ಒಂದು ಟೆಂಪೊ ಬಂತು. ಅದರಲ್ಲಿ ಎರಡು ಸೀಮೆ ಹಸು. ತಂದವನು ನಮ್ಮೂರ ಹುಡುಗನೇ, ಊರು ಬಿಟ್ಟು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ, ಈಗ ಸಾಲ ಮಾಡಿ ಹಸು ಕಟ್ಟಲು ವಾಪಸ್ ಬಂದಿದ್ದಾನೆ. ಅವನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪೂಜೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು, "ಅಕ್ಕಾ, ಇವಕ್ಕೆ ದಿನಕ್ಕೆ ಎಷ್ಟು ಸಲ ನೀರು ಕುಡಿಸಬೇಕು?"

ಆ ಮಾತು ಕೇಳಿ ನನಗೆ ಎದೆ ಹಿಂಡಿದಂತಾಯಿತು. 2020ರಲ್ಲಿ ನಾನೂ ಹೀಗೇ ತಟ್ಟೆ ಹಿಡಿದು ನಿಂತಿದ್ದೆ. ನನಗೆ ಅಷ್ಟು ಕೇಳಬೇಕು ಅಂತಲೂ ಹೊಳೆದಿರಲಿಲ್ಲ. ಅದಕ್ಕೇ ಈ ಪತ್ರ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಮದುವೆಯಾಗಿ ಶ್ರೀನಿವಾಸಪುರ ತಾಲ್ಲೂಕಿನ ಈ ಊರಿಗೆ ಬಂದೆ. ಲಾಕ್‌ಡೌನ್‌ನಲ್ಲಿ ನಮ್ಮನೆಯವರ ಬೆಂಗಳೂರಿನ ಕೆಲಸ ಹೋಯಿತು. ಕೋಲಾರ ಅಂದರೆ ಹಾಲು, ಡೇರಿಗೆ ಹಾಲು ಹಾಕಿದರೆ ಬಟವಾಡೆ ಬರುತ್ತದೆ, ಕೂತು ತಿನ್ನೋದಕ್ಕಿಂತ ಇದೇ ವಾಸಿ ಅಂತ ಎಲ್ಲರೂ ಹೇಳಿದರು. ಸಾಲ ಸಿಕ್ಕಿತು. ದಲ್ಲಾಳಿ ಒಬ್ಬರ ಕೈಯಲ್ಲಿ ಎರಡು ಹಸು ತಂದೆವು. ಒಂದು ಕರೆಯುವ ಹಸು, ದಿನಕ್ಕೆ 18 ಲೀಟರ್ ಅಂದಿದ್ದರು, ಮನೆಗೆ ಬಂದ ಮೇಲೆ ಎರಡು ಹೊತ್ತೂ ಸೇರಿ 11 ದಾಟಲಿಲ್ಲ. ಮಾರುವ ಹಿಂದಿನ ಹೊತ್ತು ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ತುಂಬಿ ತುಳುಕುವ ಹಾಗೆ ಕಾಣುತ್ತದೆ, ಅದಕ್ಕೇ ಕೊಳ್ಳುವವರು ಬೆಳಿಗ್ಗೆ, ಸಂಜೆ, ಮತ್ತೆ ಮಾರನೇ ಬೆಳಿಗ್ಗೆ, ಹೀಗೆ ಮೂರು ಹೊತ್ತು ಎದುರಿಗೇ ನಿಂತು ಕರೆಸಿ ಅಳತೆ ನೋಡಬೇಕು ಅನ್ನೋದು ನಮಗೆ ಗೊತ್ತಾಗಿದ್ದು ದುಡ್ಡು ಕೊಟ್ಟಾದ ಮೇಲೆ. ಹೋಗಲಿ, ಅದು ದುಡ್ಡಿನ ಮಾತು. ನಾನು ಹೇಳಬೇಕಾಗಿರೋದು ಇನ್ನೊಂದು ಹಸುವಿನ ವಿಷಯ.

ಅದು ಏಳು ತಿಂಗಳ ಗಬ್ಬ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ಕರು ಹಾಕಿತು. ಹೆಣ್ಣುಗರು. ಕಪ್ಪು ಮೈ, ಹಣೆಯಲ್ಲಿ ಹುಣಸೆ ಬೀಜದಷ್ಟು ಬಿಳಿ. ಅರ್ಧ ಗಂಟೆಗೆಲ್ಲ ಎದ್ದು ನಿಂತಿತು. ನಿಂತದ್ದೇ ತಾಯಿಯ ಮುಂಗಾಲ ಸಂದಿಗೆ ಮೂತಿ ತೂರಿಸಿತು, ಅಲ್ಲಿ ಏನೂ ಸಿಗದೆ ಹೊಟ್ಟೆ ಉದ್ದಕ್ಕೂ ಮುಸುಮುಸು ಅನ್ನುತ್ತಾ ಹಿಂದಕ್ಕೆ ಬಂತು. ಕೆಚ್ಚಲಿಗೆ ಬಾಯಿ ತಾಕುವ ಹೊತ್ತಿಗೆ ನಾವು ಎಳೆದು ಆಚೆ ಕಟ್ಟಿದೆವು. ಯಾಕೆಂದರೆ ಕಸ, ಅಂದರೆ ಕರುವಿನ ಹಿಂದೆ ಬೀಳುವ ಮಾಸು, ಬೀಳುವವರೆಗೂ ಹಾಲು ಕರೆಯಬಾರದು, ಕರುವಿಗೂ ಬಿಡಬಾರದು ಅಂತ ಮನೆಯಲ್ಲಿ ಹಿರಿಯರ ಮಾತು. ಕರು ರಾತ್ರಿಯೆಲ್ಲ ಕೂಗಿತು. ಹಸು ಹಗ್ಗ ಜಗ್ಗಿತು. ನಾನು ಪಕ್ಕದಲ್ಲೇ ಗೋಣಿ ಹಾಸಿಕೊಂಡು ಕೂತಿದ್ದೆ, ಒಳ್ಳೇದೇ ಮಾಡುತ್ತಿದ್ದೇನೆ ಅಂದುಕೊಂಡು.

ಕಸ ಬಿದ್ದದ್ದು ಮಾರನೇ ದಿನ ಮಧ್ಯಾಹ್ನ. ಆಮೇಲೆ ಕರೆದ ಹಾಲಲ್ಲಿ ಗಿಣ್ಣು ಮಾಡಿ ಏಳು ಮನೆಗೆ ಹಂಚಿದೆವು. ಕರುವಿಗೆ ಒಂದು ಚೊಂಬು ಕುಡಿಸಿದೆವು. ಐದನೇ ದಿನಕ್ಕೆ ಬಿಳಿ ಭೇದಿ ಶುರುವಾಯಿತು. ಕಣ್ಣು ಒಳಗೆ ಹೋಯಿತು, ಕಿವಿ ಮುಟ್ಟಿದರೆ ತಣ್ಣಗೆ. ಡಾಕ್ಟರು ಬಂದು ಡ್ರಿಪ್ ಹಾಕಿದರು. ಹಾಕುತ್ತಾ ಒಂದೇ ಮಾತು ಕೇಳಿದರು, "ಹುಟ್ಟಿ ಎಷ್ಟು ಹೊತ್ತಿಗೆ ಹಾಲು ಕುಡಿಸಿದಿರಿ ಅಮ್ಮ?" ಏಳನೇ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕರು ಇರಲಿಲ್ಲ.

ಅವರು ಆಮೇಲೆ ಬಿಡಿಸಿ ಹೇಳಿದರು. ರೋಗ ತಡೆಯುವ ಶಕ್ತಿ ತಾಯಿಯ ಹೊಟ್ಟೆಯಲ್ಲಿದ್ದಾಗ ಕರುವಿಗೆ ಬರುವುದಿಲ್ಲ, ಅದು ಬರೋದು ಗಿಣ್ಣು ಹಾಲಿನಿಂದಲೇ. ಆ ಶಕ್ತಿಯನ್ನು ಹಾಗೇ ಒಳಕ್ಕೆ ಎಳೆದುಕೊಳ್ಳುವ ದಾರಿ ಕರುವಿನ ಕರುಳಲ್ಲಿ ಹುಟ್ಟಿದ ಕೆಲವು ಗಂಟೆ ಚೆನ್ನಾಗಿ ತೆರೆದಿರುತ್ತದೆ, ಗಂಟೆ ಕಳೆದ ಹಾಗೆ ಮುಚ್ಚುತ್ತಾ 24 ಗಂಟೆಗೆ ಹೆಚ್ಚುಕಮ್ಮಿ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಹಾಲು ಹೊಟ್ಟೆಗೆ ಹೋಗಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕೆಜಿ ಕರುವಿಗೆ ಸುಮಾರು 3 ಲೀಟರ್, ಒಂದೇ ಸಲಕ್ಕಲ್ಲ, ಮೂರು ನಾಲ್ಕು ಸಲ. ಇನ್ನೊಂದು ಮಾತು ಕೇಳಿ ನಾನು ಕುಸಿದು ಕೂತೆ. ಕರು ಕೆಚ್ಚಲು ಚೀಪಿದರೆ ಕಸ ಬೀಳೋದಕ್ಕೂ ಸಹಾಯ ಆಗುತ್ತದಂತೆ. ಅಂದರೆ ಯಾವುದಕ್ಕೆ ಕಾಯುತ್ತಾ ಕರುವನ್ನು ಕಟ್ಟಿ ಹಾಕಿದ್ದೆವೋ ಅದಕ್ಕೇ ಆ ಕರು ಬೇಕಿತ್ತು.

ಇದು ದೊಡ್ಡ ವಿದ್ಯೆಯಾ ಸಾರ್? ಐದು ನಿಮಿಷದ ಮಾತು. ಸಾಲ ಕೊಟ್ಟವರು ಹೇಳಲಿಲ್ಲ, ಹಸು ಮಾರಿದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಿರಿಯರನ್ನು ನಾನು ದೂರುವುದಿಲ್ಲ. ಅವರು ನಾಟಿ ಹಸು ಕಟ್ಟಿದವರು, ಹೊಲದಲ್ಲೇ ಈದು ಕರುವಿನ ಜೊತೆ ಮನೆಗೆ ನಡೆದು ಬರುತ್ತಿದ್ದ ಹಸುಗಳು. ಯಾರೂ ಕಟ್ಟಿ ಹಾಕುವ ಮುಂಚೆಯೇ ಆ ಕರು ಕುಡಿದಿರುತ್ತಿತ್ತು.

ನನಗೆ ದನದ ಕೆಲಸ ಕಲಿಸಿದ್ದು ಹಿಂದಿನ ಬೀದಿಯ ಒಬ್ಬ ದೊಡ್ಡಮ್ಮ. ಓದು ಬರದು, ಆದರೆ ಹಸು ಮೆಲುಕು ಹಾಕುವುದು ನಿಲ್ಲಿಸಿದ್ದನ್ನು ಅಂಗಳದಿಂದಲೇ ಹೇಳುತ್ತಾರೆ. ಒಂದು ತಿಂಗಳು ದಿನಾ ಬೆಳಿಗ್ಗೆ ಐದೂವರೆಗೆ ಅವರ ಕೊಟ್ಟಿಗೆಗೆ ಹೋದೆ. ಸಗಣಿ ಬಾಚಿದೆ, ಕೆಚ್ಚಲು ತೊಳೆದೆ, ಹಾಲು ಕರೆಯಲು ಕಲಿತೆ. ಹಾಲು ಕರೆದ ತಕ್ಷಣ ಹಸು ಮಲಗಲು ಬಿಡಬಾರದು, ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಗಂಜಲದ ನೆಲದಲ್ಲಿ ಮಲಗಿದರೆ ಕೆಚ್ಚಲು ಬಾವು ಗ್ಯಾರಂಟಿ, ಅದಕ್ಕೇ ಕರೆದ ಮೇಲೆ ಹುಲ್ಲು ಹಾಕು, ತಿನ್ನುತ್ತಾ ನಿಂತಿರುತ್ತದೆ ಅಂದರು. ಎರಡು ವರ್ಷ ಆದ ಮೇಲೆ ನಮ್ಮ ಅದೇ ಹಸು ಮತ್ತೆ ಈಯಿತು. ಮಾರನೇ ದಿನ ಸಂಜೆ ಎದ್ದೇಳಲಿಲ್ಲ. ಕತ್ತು ತಿರುಗಿಸಿ ತಲೆಯನ್ನು ಪಕ್ಕೆಗೆ ಒತ್ತಿಕೊಂಡು ಮಲಗಿತ್ತು, ಕಿವಿ ತಣ್ಣಗೆ. ಪಕ್ಕದವರು ಕಷಾಯ ಕುಡಿಸೋಣ ಅಂತ ಔಷಧಿ ಹುಯ್ಯುವ ಬಿದಿರಿನ ಗೊಟ್ಟ ಹಿಡಿದು ಬಂದರು. ದೊಡ್ಡಮ್ಮ ಕೈ ಅಡ್ಡ ಹಿಡಿದರು. "ಬೇಡ ಕಣಪ್ಪ, ಅದಕ್ಕೆ ನುಂಗೋ ಶಕ್ತಿ ಇಲ್ಲ, ಶ್ವಾಸಕ್ಕೆ ಹೋಗುತ್ತೆ. ಡಾಕ್ಟರಿಗೆ ಫೋನ್ ಮಾಡಮ್ಮ, ಹಾಲು ಜ್ವರ ಅನ್ನು." ಈದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಕಡಿಮೆಯಾದಾಗ ಹೀಗಾಗುತ್ತದೆ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ಡಾಕ್ಟರು ಬಂದು ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ಇಳಿಸಿದರು. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಹಸು ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ನಾನು ಅದರ ಕತ್ತು ತಬ್ಬಿಕೊಂಡು ಅತ್ತೆ. ದೊಡ್ಡಮ್ಮ ಇಲ್ಲದಿದ್ದರೆ ಆ ಕಷಾಯ ನಾನೇ ಹುಯ್ಯುತ್ತಿದ್ದೆ.

ಈಗ ಪಕ್ಕದ ಬೀದಿಯ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಹಾಲು ಕೊಡುವ ಸೀಮೆ ಹಸು ದಿನಕ್ಕೆ 60-70 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಎಷ್ಟು ಸಲ ಅಲ್ಲ, ಯಾವಾಗಲೂ ಎದುರಿಗೆ ಇರಬೇಕು. ಎರಡು ಹಸುವಿಗೆ ದಿನಕ್ಕೆ ಎಂಟು ಹತ್ತು ಬಿಂದಿಗೆ. ಬೋರ್‌ವೆಲ್ ಸಾವಿರ ಅಡಿ ಇಳಿದರೂ ಧೂಳು ಬರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೊರುವವರು ಯಾರು? ಹೆಂಗಸರೇ ಅಲ್ವಾ. ಮೇವಿನ ಕಥೆಯೂ ಹಾಗೇ. ನೇಪಿಯರ್ ಕಡ್ಡಿ ನೆಟ್ಟರೆ ಮೊದಲ ಕಟಾವಿಗೆ ಎರಡೂವರೆ ತಿಂಗಳು ಬೇಕು. ಅಂದರೆ ಹಸು ಬರುವ ಎರಡೂವರೆ ತಿಂಗಳ ಮುಂಚೆ ಹುಲ್ಲು ನೆಡಬೇಕು. ಎಲ್ಲರೂ ಮಾಡೋದು ಉಲ್ಟಾ, ಹಸು ಇಳಿಸಿ ಆಮೇಲೆ ಹುಲ್ಲು ಹುಡುಕುತ್ತಾರೆ. ಹುಲ್ಲು ಇಲ್ಲದಾಗ ಬರೀ ಹಿಂಡಿ ಬೂಸಾ ಸುರಿಯುತ್ತಾರೆ, ಮದುವೆ ಮನೆಯ ಉಳಿದ ಅನ್ನ ಬಕೆಟ್‌ಗಟ್ಟಲೆ ಇಡುತ್ತಾರೆ. ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಹಸು ಒಂದೆರಡು ದಿನದಲ್ಲಿ ಸಾಯಬಹುದು. ಪ್ರೀತಿಯಿಂದಲೇ ಇಟ್ಟಿರುತ್ತಾರೆ ಪಾಪ.

ಲಸಿಕೆಯ ದಿನ ಹಸುವನ್ನು ತೋಟಕ್ಕೆ ಹೊಡೆದು ಬಚ್ಚಿಡುವವರೂ ಇದ್ದಾರೆ, ನಾಲ್ಕು ದಿನ ಹಾಲು ಕಡಿಮೆಯಾಗುತ್ತದೆ ಅಂತ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸದಿದ್ದರೆ ಏನಾಗುತ್ತದೆ ಅಂತ 2013ರಲ್ಲಿ ಆ ರೋಗ ಬಂದು ದನಗಳು ಸತ್ತಾಗ ಕೋಲಾರದವರು ಕಣ್ಣಾರೆ ನೋಡಿದ್ದಾರೆ. ಹೊಸದಾಗಿ ಬಂದವರಿಗೆ ಅದು ಗೊತ್ತಿಲ್ಲ.

ನನ್ನ ಬೇಡಿಕೆ ಇಷ್ಟು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ದೊಡ್ಡ ಕುರಿ ಮೇಕೆ ಘಟಕಕ್ಕೆ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಅದಕ್ಕೆ ತರಬೇತಿ ಅಥವಾ ಅನುಭವ ಇರಬೇಕು ಅಂತ ನಿಯಮದಲ್ಲೇ ಬರೆದಿದ್ದಾರೆ. 500 ಕುರಿ ಸಾಕುವವರಿಗೆ ಇರುವ ಈ ಮಾತು ಎರಡು ಹಸುವಿನ ಸಾಲಕ್ಕೆ ಯಾಕೆ ಬೇಡ? ಎರಡು ಹಸು ಕಟ್ಟುವವರ ಹತ್ತಿರ ಇರೋದೇ ಎರಡು, ಒಂದು ಸತ್ತರೆ ಅರ್ಧ ಬದುಕೇ ಹೋಯಿತು. ಹಾಗಂತ ಇನ್ನೊಂದು ಸರ್ಟಿಫಿಕೇಟ್, ಇನ್ನೊಂದು ಜೆರಾಕ್ಸ್ ಕೇಳಿ ಬಡವರನ್ನು ಓಡಾಡಿಸಬೇಡಿ. ಸಾಲ ಮಂಜೂರಾದ ಮೇಲೆ, ಹಸು ತರುವ ಮುಂಚೆ, 15 ದಿನ ಅದೇ ಊರಿನ ಅನುಭವ ಇರುವವರ ಕೊಟ್ಟಿಗೆಯಲ್ಲಿ ಕೆಲಸ ಮಾಡಿಸಿ. ಕಲಿಸಿದವರಿಗೂ ಏನಾದರೂ ಕೊಡಿ. ನಮ್ಮ ದೊಡ್ಡಮ್ಮನಂಥವರು ಹಳ್ಳಿಗೊಬ್ಬರು ಇದ್ದೇ ಇರುತ್ತಾರೆ. ಅವರ ಜೊತೆ ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು ಎರಡು ದಿನ ಬಂದು, ಹಳೇ ನಂಬಿಕೆಯಲ್ಲಿ ಯಾವುದು ಸರಿ, ಯಾವುದು ಕರುವನ್ನು ಕೊಲ್ಲುತ್ತದೆ ಅಂತ ಬಿಡಿಸಿ ಹೇಳಲಿ.

ಕಲಿಯಲು ಜಾಗ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೋಲಾರದಲ್ಲಿ ಟಮಕದ ಕೃಷಿ ವಿಜ್ಞಾನ ಕೇಂದ್ರ ಇದೆ, ಚಿಂತಾಮಣಿಯ ಹತ್ತಿರ ಕುರುಬೂರಿನಲ್ಲೂ ಅಂಥದ್ದೇ ಕೇಂದ್ರ ಇದೆ, ತುಮಕೂರಿನವರಿಗೆ ಹಿರೇಹಳ್ಳಿ, ಕೊನೇಹಳ್ಳಿಯ ಕೇಂದ್ರಗಳಿವೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿ ಕೊಟ್ಟು 10 ದಿನ ಹೈನುಗಾರಿಕೆ ಕಲಿಸುತ್ತವೆ. ಒಳ್ಳೆಯ ಕೆಲಸ. ಆದರೆ ಅಲ್ಲಿಗೆ ಹೋಗೋದು ಯಾರು? ಸಾಲ ಯಾರ ಹೆಸರಲ್ಲಿದೆಯೋ ಅವರು. ನಮ್ಮ ಮನೆಯಲ್ಲೂ ಹಾಗೇ ಆಯಿತು, ಒಂದು ದಿನದ ಕಾರ್ಯಕ್ರಮಕ್ಕೆ ನಮ್ಮನೆಯವರು ಹೋಗಿ ಒಂದು ಪುಸ್ತಕ ತಂದು ಟಿವಿ ಮೇಲಿಟ್ಟರು. ಆ ರಾತ್ರಿ ಹಸುವಿನ ಪಕ್ಕ ಕೂತಿದ್ದವಳು ನಾನು. ಮಗು ಬಿಟ್ಟು, ಎರಡು ಹೊತ್ತು ಹಾಲು ಕರೆಯುವ ಹೆಂಗಸು 10 ದಿನ ಊರಾಚೆ ಇರೋದಕ್ಕೆ ಆಗುತ್ತದಾ? ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿದ ಮೇಲೆ ನಮಗೆ ಬಿಡುವು ಸಿಗೋದು 11ರಿಂದ 3. ಆ ಹೊತ್ತಿಗೆ, ನಮ್ಮೂರ ಡೇರಿ ಕಟ್ಟಡದಲ್ಲೇ ಕಲಿಸಿ. ಕೊಟ್ಟಿಗೆ ನೋಡಿಕೊಳ್ಳುವವರು ಯಾರು ಅಂತ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಅವರನ್ನು ಕರೆಯಿರಿ.

ಕುರಿ ಮೇಕೆ ಮಾಡಲು ಹೊರಟಿರುವ ಹುಡುಗರಿಗೂ ಒಂದು ಮಾತು. ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಸಾಲಕ್ಕೆ ಅಟ್ಟಣಿಗೆ ಶೆಡ್ ಹಾಕಿ, ಮೂರು ಸಂತೆಯಿಂದ 50 ಮರಿ ತಂದು ಒಟ್ಟಿಗೆ ಕೂಡಬೇಡಿ. ಒಂದರ ಹಿರೇಬೇನೆ (ಪಿಪಿಆರ್ ಅನ್ನುವ ಕುರಿ ಮೇಕೆ ರೋಗ) ಎಲ್ಲಕ್ಕೂ ಅಂಟುತ್ತದೆ. ಹೊಸದಾಗಿ ತಂದದ್ದನ್ನು ಮೂರು ನಾಲ್ಕು ವಾರ ಬೇರೆ ಇಡಿ, ಲಸಿಕೆ ಹಾಕಿಸಿ. ಐದು ಮರಿಯಿಂದ ಶುರು ಮಾಡಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ನಿಜ. ಆದರೆ ಹಸುವಿಗೆ ಏನೋ ಆಗಿದೆ ಅಂತ ನಮಗೆ ಮೊದಲು ಗೊತ್ತಾಗಬೇಕಲ್ಲ.

ಸಂಪಾದಕರಲ್ಲೂ ಒಂದು ಕೋರಿಕೆ. ವಾರಕ್ಕೊಮ್ಮೆ ಅಂಗೈಯಗಲ ಜಾಗ ಕೊಟ್ಟು, ಹಸು ಕುರಿ ಸಾಕುವ ಹೆಂಗಸರ ಪ್ರಶ್ನೆಗೆ ಒಬ್ಬ ಪಶುವೈದ್ಯರಿಂದ ಉತ್ತರ ಬರೆಸಿ. ನಮ್ಮ ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಯಾರಾದರೂ ಗಟ್ಟಿಯಾಗಿ ಓದುತ್ತಾರೆ, ಓದು ಬರದವರೂ ಕೇಳಿಸಿಕೊಳ್ಳುತ್ತಾರೆ.

ಪಕ್ಕದ ಬೀದಿಯ ಹುಡುಗಿ ಈಗ ದಿನಾ ಬೆಳಿಗ್ಗೆ ಕರೆಯುವ ಹೊತ್ತಿಗೆ ನಮ್ಮ ಕೊಟ್ಟಿಗೆಗೆ ಬರುತ್ತಿದ್ದಾಳೆ. ಅವಳ ಒಂದು ಹಸುವೂ ಗಬ್ಬ. ನಮ್ಮ ಗೌರಿ ಇನ್ನು 20 ದಿನದಲ್ಲಿ ಈಯುತ್ತಾಳೆ. ರಾತ್ರಿ ಎಷ್ಟು ಹೊತ್ತಾದರೂ ಕೂಗುತ್ತೇನೆ, ಎದ್ದು ಬಾ, ಮೊದಲ ಹಾಲು ನೀನೇ ಕುಡಿಸು ಅಂತ ಅವಳಿಗೆ ಹೇಳಿಟ್ಟಿದ್ದೇನೆ.

ಇಂತಿ,
ಹಾಲು ಹಾಕುವ ಒಬ್ಬ ಓದುಗಳು
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ