ಹೆಚ್ಚು ಹೆರಿ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ದಕ್ಷಿಣದ ರಾಜ್ಯಗಳಲ್ಲಿ ಜನನ ಪ್ರಮಾಣ ಇಳಿಯುತ್ತಿದೆ, ದಂಪತಿಗಳು ಹೆಚ್ಚು ಮಕ್ಕಳನ್ನು ಪಡೆಯಬೇಕು ಎಂದು 2024ರಿಂದೀಚೆಗೆ ಕೆಲವು ನಾಯಕರು ಕರೆ ಕೊಡುತ್ತಿದ್ದಾರೆ. ಇಳಿಕೆ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆ ಪಡೆಯುವ ಮಕ್ಕಳ ಸರಾಸರಿ 1992-93ರಲ್ಲಿ ಸುಮಾರು 2.9 ಇದ್ದದ್ದು 2019-21ರ ವೇಳೆಗೆ 1.7ಕ್ಕೆ ಬಂದಿದೆ, ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಆದರೆ ಇದನ್ನು ಇಂದಿನ ಹೆಣ್ಣುಮಕ್ಕಳ ಸ್ವಾರ್ಥವೆಂಬಂತೆ ಮಾತನಾಡುವುದು ಅನ್ಯಾಯ.

ಮಲೆನಾಡಿನ ಅಜ್ಜಿಯಂದಿರು ಹೆತ್ತ ಮಕ್ಕಳ ಲೆಕ್ಕವನ್ನೂ ಉಳಿದ ಮಕ್ಕಳ ಲೆಕ್ಕವನ್ನೂ ಬೇರೆ ಬೇರೆಯಾಗಿ ಹೇಳುತ್ತಿದ್ದರು: 'ಹೆತ್ತದ್ದು ಎಂಟು, ದಕ್ಕಿದ್ದು ನಾಲ್ಕು.' ಮಲೇರಿಯಾ ಇಲ್ಲಿನ ಊರುಗಳನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ ಹೆಚ್ಚು ಹೆರುವುದು ಆಸೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಡಿಡಿಟಿ ಸಿಂಪಡಣೆ, ಆಮೇಲೆ ಲಸಿಕೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದು ಮಕ್ಕಳ ಸಾವು ತಗ್ಗಿತು; ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ತಾಯಂದಿರಲ್ಲಿ ಮೂಡಲು ಮಾತ್ರ ಒಂದು ತಲೆಮಾರು ಹಿಡಿಯಿತು. ಸಾವು ತಗ್ಗಿ ಹೆರಿಗೆ ತಗ್ಗದ ಆ ನಡುವಿನ ಅವಧಿಯಲ್ಲೇ ಜನಸಂಖ್ಯೆ ಏರಿತು. ಯುರೋಪಿನಲ್ಲೂ ಆದದ್ದು ಬಹುಮಟ್ಟಿಗೆ ಇದೇ, ಅಲ್ಲಿ ಮೊದಲು ಆಯಿತು ಅಷ್ಟೆ.

ಬಳಿಕ ಹೆಣ್ಣುಮಕ್ಕಳು ಹೈಸ್ಕೂಲು, ಕಾಲೇಜು ಮುಟ್ಟಿದರು, ಮದುವೆಯ ವಯಸ್ಸು ಮುಂದೆ ಹೋಯಿತು. ಹಿಸ್ಸೆಯಾಗುತ್ತಾ ಬಂದ ಅಡಿಕೆ ತೋಟದ ಆದಾಯದಲ್ಲಿ ಮಕ್ಕಳನ್ನು ಶಿವಮೊಗ್ಗದ ಹಾಸ್ಟೆಲಿನಲ್ಲಿಟ್ಟು ಓದಿಸುವವರಿಗೆ ಇಬ್ಬರೇ ಹೆಚ್ಚು. ದುಡಿಯುವ ಕೈಗಳಾಗಿದ್ದ ಮಕ್ಕಳು ಇಪ್ಪತ್ತು ವರ್ಷ ಸಾಕಿ ಓದಿಸಬೇಕಾದವರಾದರು.

ಕುಟುಂಬ ಯೋಜನೆಯ ಹೊಣೆಯನ್ನು ಹೊತ್ತವರು ಯಾರೆಂಬುದನ್ನೂ ನೆನೆಯಬೇಕು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಅದು ಹೆಮ್ಮೆಯ ವಿಷಯವೇ. ಆದರೆ ಅದೇ 2019-21ರ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡಸರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅಂದು 'ಸಾಕು' ಎಂದಾಗ ಆಪರೇಷನ್ ಮಾಡಿಸಿಕೊಂಡವಳೂ ಇವಳೇ, ಇಂದು 'ಬೇಕು' ಎಂದಾಗ ಹೆರಬೇಕಾದವಳೂ ಇವಳೇ.

ಹಣದ ಆಮಿಷದಿಂದ ಈ ಗತಿ ಸುಲಭವಾಗಿ ತಿರುಗುವುದಿಲ್ಲ. ವರ್ಷಗಟ್ಟಲೆ ಅಪಾರ ಹಣ ಸುರಿದ ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಮಹಿಳೆ ಪಡೆಯುವ ಮಕ್ಕಳ ಸರಾಸರಿ 0.72ಕ್ಕೆ ಕುಸಿಯಿತು.

ಸರ್ಕಾರಕ್ಕೆ ನಿಜವಾದ ಕಾಳಜಿಯಿದ್ದರೆ ಹುಟ್ಟಿರುವ ಮಕ್ಕಳಿಂದ ಆರಂಭಿಸಲಿ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಮಗ್ಗುಲಲ್ಲೇ, ಸಿಪ್ಪೆಯ ರಾಶಿಯ ಪಕ್ಕ, ಗೋಣಿಚೀಲದ ಮೇಲೆ ಕೂಸುಗಳು ಮಲಗಿರುತ್ತವೆ. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರಗಳಾದ 'ಕೂಸಿನ ಮನೆ'ಗಳು ಕನಿಷ್ಠ ಈ ಸುಗ್ಗಿಯಲ್ಲಾದರೂ ಸಂಜೆಯ ಮೇಲೂ ತೆರೆದಿರುವಂತೆ ಜಿಲ್ಲಾ ಪಂಚಾಯಿತಿ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ