ಮಗಳಿಗೊಂದು ಪತ್ರ: ಮಂಡಿನೋವಿನ ಯಜಮಾನಿಯ ಮನೆ

ಪ್ರೀತಿಯ ಪುಟ್ಟಿ,

ನಿಮ್ಮ ಹೊಸ ಮನೆಯ ಚಾವಣಿಗೆ ಮೋಲ್ಡ್ ಹಾಕಿಸುವುದು ಮತ್ತೆ ಮುಂದಕ್ಕೆ ಹೋಯಿತು ಅಂತ ಅಳಿಯಂದಿರು ಫೋನಿನಲ್ಲಿ ಹೇಳಿದರು. ಆಗಲಿ ಬಿಡು. ಮನೆ ಕೆಲಸ ಮುಗಿಯುವುದೇ ಇಲ್ಲ ಅಂತ ನೀನು ಗೋಳಾಡುತ್ತೀಯಲ್ಲ, ಇಲ್ಲೊಬ್ಬಳು 1886ರಲ್ಲಿ ಶುರು ಮಾಡಿ 1922ರಲ್ಲಿ ಸಾಯುವ ತನಕ ಕಟ್ಟಿಸುತ್ತಲೇ ಇದ್ದಳಂತೆ. ಆ ಮನೆ ನೋಡಿಕೊಂಡು ಬಂದೆವು. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಮಧ್ಯೆ ಮೇಸ್ತ್ರಿ ಜೊತೆ ಮಾತಾಡುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಮನೆ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರೊಳಗೇ, ನಿನ್ನ ಅಣ್ಣನ ಮನೆಯಿಂದ ದೂರವೇನಿಲ್ಲ. ವಿಂಚೆಸ್ಟರ್ ಮಿಸ್ಟರಿ ಹೌಸ್ ಅಂತ ಹೆಸರು. ರಸ್ತೆಯ ಆಚೆ ಬರೀ ಹೊಸ ಅಂಗಡಿ, ಹೋಟೆಲು. ಈಚೆ ಗೋಪುರ, ಚೂಪು ಚಾವಣಿ, ಮರದ ಕೆತ್ತನೆ, ಎಲ್ಲಿ ನೋಡಿದರೂ ಕಿಟಕಿ. ವಿಕ್ಟೋರಿಯಾ ರಾಣಿ ಕಾಲದ ಶೈಲಿ. 24,000 ಚದರ ಅಡಿ, ಅಂದರೆ ನಿಮ್ಮ 30×40 ಸೈಟು ಇಪ್ಪತ್ತು ಸೇರಿಸಿದರೆ ಎಷ್ಟೋ ಅಷ್ಟು. ಸುಮಾರು 160 ಕೋಣೆ, 2,000 ಬಾಗಿಲು, 10,000 ಕಿಟಕಿ. ಗಾಜು ಒರೆಸುವವರ ಗತಿ ಏನು ಅಂತ ನನಗೆ ಮೊದಲು ಬಂದ ಯೋಚನೆ.

ಮೈಸೂರು ಅರಮನೆಯ ಹಾಗೆ ನಮ್ಮ ಪಾಡಿಗೆ ನಾವು ಸುತ್ತುವಂತಿಲ್ಲ. ಗೈಡ್ ಜೊತೆಯೇ ಹೋಗಬೇಕು, ಗುಂಪು ಬಿಟ್ಟರೆ ದಾರಿ ತಪ್ಪುತ್ತದೆ ಅಂತ ಮೊದಲೇ ಹೆದರಿಸುತ್ತಾರೆ. ಚಿಕ್ಕ ಹುಡುಗಿ, ಚುರುಕು, ಆದರೆ ಇಂಗ್ಲಿಷ್ ರೈಲು ಬಿಟ್ಟ ಹಾಗೆ. ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ನಿನ್ನ ಅತ್ತಿಗೆ ಕಿವಿಯಲ್ಲಿ ಹೇಳುತ್ತಾ ಬಂದಳು. ಅಪ್ಪ ಮಾತ್ರ ಎಲ್ಲಾ ಗೊತ್ತಾದವರ ಹಾಗೆ ತಲೆಯಾಡಿಸುತ್ತಿದ್ದರು.

ಕಥೆ ಇಷ್ಟು. ಯಜಮಾನಿಯ ಹೆಸರು ಸಾರಾ ವಿಂಚೆಸ್ಟರ್. ಬಂದೂಕು ಮಾಡುವ ವಿಂಚೆಸ್ಟರ್ ಕಂಪನಿಯವರ ಮನೆ ಸೊಸೆ. ಒಂದೇ ಒಂದು ಹೆಣ್ಣು ಮಗು ಹುಟ್ಟಿತ್ತು, 1866ರಲ್ಲಿ, ಒಂದೂವರೆ ತಿಂಗಳಿಗೇ ಹೋಯಿತು. 1881ರಲ್ಲಿ ಗಂಡನೂ ಕ್ಷಯದಿಂದ ತೀರಿಕೊಂಡ. ಆಮೇಲೆ ಅಮೆರಿಕದ ಆ ತುದಿಯಿಂದ ಈ ತುದಿಗೆ ಬಂದು, ಎಂಟು ಕೋಣೆಯ ತೋಟದ ಮನೆ ಕೊಂಡು, ಅದಕ್ಕೇ ಸೇರಿಸಿ ಸೇರಿಸಿ ಕಟ್ಟಿಸಿದಳು. ಬಂದೂಕಿನಿಂದ ಸತ್ತವರ ದೆವ್ವಗಳು ಕಾಡುತ್ತಿದ್ದವು, ಕಟ್ಟುವುದು ನಿಲ್ಲಿಸಿದರೆ ನೀನೂ ಸಾಯುತ್ತೀಯ ಅಂತ ಯಾರೋ ಹೇಳಿದ್ದರು, ಅದಕ್ಕೆ ಹಗಲು ರಾತ್ರಿ ಸುತ್ತಿಗೆ ಸದ್ದು, ಇದು ಎಲ್ಲರೂ ಹೇಳುವ ಕಥೆ. ದೆವ್ವಗಳ ಜೊತೆ ಮಾತಾಡಲು ಒಂದು ಕೋಣೆ ಅಂತಲೂ ತೋರಿಸಿದರು. ಗುಂಪಿನವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು.

ನನಗೆ ಯಾಕೋ ನಂಬಿಕೆ ಬರಲಿಲ್ಲ ಪುಟ್ಟಿ. ಯಾಕೆ ಅಂದರೆ ಮೆಟ್ಟಿಲು ನೋಡಿದೆ.

ಒಂದು ಕಡೆ 44 ಮೆಟ್ಟಿಲು ಇವೆ, ಅಲ್ಲಲ್ಲೇ ತಿರುಗಿ ತಿರುಗಿ ಹೋಗುತ್ತವೆ, ಅಷ್ಟೂ ಹತ್ತಿದರೆ ನಾವು ಏರಿದ್ದು ಸುಮಾರು 9 ಅಡಿ. ಒಂದೊಂದು ಮೆಟ್ಟಿಲು ಎರಡು ಇಂಚು ಚಿಲ್ಲರೆ ಅಷ್ಟೇ. ಜನ ನಕ್ಕರು. ನಾನು ಮಾತ್ರ ಗೋಡೆ ಹಿಡಿಯದೆ, ಉಸ್ ಅನ್ನದೆ, ಆರಾಮಾಗಿ ಹತ್ತಿಬಿಟ್ಟೆ! ಆಯಮ್ಮನಿಗೆ ಕೀಲುನೋವು ಇತ್ತಂತೆ, ಕಾಲು ಎತ್ತಲು ಆಗುತ್ತಿರಲಿಲ್ಲವಂತೆ. ಇದು ದೆವ್ವದ ಕೆಲಸವಾ? ಮಂಡಿನೋವು ಇರುವ ಯಾವ ಹೆಂಗಸೂ ಕೈಯಲ್ಲಿ ದುಡ್ಡಿದ್ದರೆ ಹೀಗೇ ಮಾಡಿಸುತ್ತಾಳೆ.

ಇನ್ನೊಂದು ಕಡೆ ಗಿಡಗಳ ಕೋಣೆ. ನೆಲದ ಹಲಗೆ ಎತ್ತಬಹುದು, ಕೆಳಗೆ ಸತುವಿನ ತಗಡು. ಕುಂಡಗಳಿಗೆ ಹಾಕಿ ಹೆಚ್ಚಾದ ನೀರು ಆ ತಗಡಿನ ಮೇಲೆ ಹರಿದು, ಪೈಪಿನಲ್ಲಿ ಹೊರಗಿನ ತೋಟಕ್ಕೆ ಹೋಗುತ್ತದೆ. ನಾನು ಅಲ್ಲೇ ನಿಂತುಬಿಟ್ಟೆ, ಗೈಡ್ ವಾಪಸ್ ಬಂದು ಕರೆದಳು. ಬಟ್ಟೆ ಒಗೆಯುವ ತೊಟ್ಟಿಯಲ್ಲೇ ಉಜ್ಜುವ ಗೀರುಗಳು ಸೇರಿಕೊಂಡಿವೆ. ಆಳುಗಳನ್ನು ಕರೆಯಲು ಗಂಟೆ, ಆಗಿನ ಕಾಲಕ್ಕೇ ಲಿಫ್ಟು. ತಲೆ ಕೆಟ್ಟವರು ಇಷ್ಟೆಲ್ಲ ಯೋಚಿಸುತ್ತಾರಾ?

ಹಾಗಂತ ವಿಚಿತ್ರ ಇಲ್ಲ ಅಂತಲ್ಲ. ಒಂದು ಮೆಟ್ಟಿಲ ಸಾಲು ಹೋಗಿ ಸೀದಾ ಚಾವಣಿಗೆ ಮುಟ್ಟುತ್ತದೆ, ಮುಂದೆ ದಾರಿಯಿಲ್ಲ. ಮಹಡಿಯ ಒಂದು ಬಾಗಿಲು ತೆಗೆದರೆ ಹೊರಗೆ ಬರೀ ಗಾಳಿ, ಕಾಲಿಟ್ಟರೆ ಕೆಳಗೆ. ಆದರೆ 1906ರ ಭೂಕಂಪದಲ್ಲಿ ಏಳು ಅಂತಸ್ತಿನ ಗೋಪುರವೇ ಬಿದ್ದುಹೋಯಿತಂತೆ. ಈಗ ಇರುವುದು ನಾಲ್ಕೇ ಅಂತಸ್ತು. ಮುರಿದದ್ದನ್ನು ತೆಗೆಸಿ, ಮುಂದಿನ ಭಾಗ ಮುಚ್ಚಿಸಿ, ಆಯಮ್ಮ ಬೇರೆ ಮನೆಗಳಲ್ಲಿ ಜಾಸ್ತಿ ಇರತೊಡಗಿದಳು. ಬಾಲ್ಕನಿ ಬಿದ್ದ ಮೇಲೆ ಬಾಗಿಲು ಗಾಳಿಗೇ ತೆರೆಯುತ್ತದೆ ಅಲ್ವಾ? ಜೊತೆಗೆ ಆರ್ಕಿಟೆಕ್ಟ್ ಇಲ್ಲದೆ, ಬಡಗಿಗಳಿಗೆ ತಾನೇ ಹೇಳಿ ಮಾಡಿಸಿ, ಇಷ್ಟವಾಗದಿದ್ದರೆ ಕೆಡವಿಸಿ ಮತ್ತೆ ಕಟ್ಟಿಸುತ್ತಿದ್ದಳು. ಆ ರೋಗ ನಿನಗೂ ಇದೆ, ಅಡುಗೆಮನೆ ಗೋಡೆ ನೆನಪಿದೆಯಾ?

ರಾತ್ರಿ ಅತ್ತಿಗೆ ಕೂತು ಇನ್ನಷ್ಟು ಹುಡುಕಿ ಓದಿ ಹೇಳಿದಳು. ಹಗಲು ರಾತ್ರಿ ನಿಲ್ಲದೆ ಕಟ್ಟಿಸಿದ್ದು ಸುಳ್ಳಂತೆ, ಸಾಕಾದಾಗ ಕೆಲಸದವರನ್ನು ತಿಂಗಳುಗಟ್ಟಲೆ ಕಳಿಸಿಬಿಡುತ್ತಿದ್ದಳಂತೆ, ಅದನ್ನು ಆಕೆಯೇ ಕಾಗದದಲ್ಲಿ ಬರೆದಿದ್ದಾಳೆ. ಗಂಡನ ಹೆಸರಲ್ಲಿ ಕ್ಷಯರೋಗದ ಆಸ್ಪತ್ರೆಗೆ ದುಡ್ಡು ಕೊಟ್ಟಿದ್ದಾಳೆ. ಅದನ್ನು ಟೂರಿನಲ್ಲಿ ಹೇಳಿದ್ದರೂ ನನ್ನ ಕಿವಿಗೆ ಬೀಳಲಿಲ್ಲ. ಸತ್ತ ಮರುವರ್ಷವೇ, 1923ರಲ್ಲಿ, ಟಿಕೆಟ್ ಹಾಕಿ ಮನೆ ತೋರಿಸಲು ಶುರು ಮಾಡಿದ್ದಾರೆ. ಲೀಸಿಗೆ ತೆಗೆದುಕೊಂಡವನು ರೋಲರ್ ಕೋಸ್ಟರ್ ಕಟ್ಟುತ್ತಿದ್ದವನಂತೆ! ಕೀಲುನೋವಿನ ವಿಧವೆಯ ಕಥೆಗೆ ಯಾರು ಟಿಕೆಟ್ ಕೊಳ್ಳುತ್ತಾರೆ, ದೆವ್ವ ಬೇಕೇ ಬೇಕು. ಗಂಡ ಮಕ್ಕಳಿಲ್ಲದವಳು ದುಡ್ಡಿಟ್ಟುಕೊಂಡು ತನಗೆ ಬೇಕಾದ ಹಾಗೆ ಬದುಕಿದರೆ ನಮ್ಮೂರಲ್ಲೂ ಏನೇನು ಹೇಳುತ್ತಾರೆ ಅಂತ ನಿನಗೇ ಗೊತ್ತು.

ಒಳಗೆ ಸಾಮಾನು ಜಾಸ್ತಿ ಇಲ್ಲ, ಆಯಮ್ಮ ಹೋದ ಮೇಲೆ ಮಾರಿಬಿಟ್ಟರಂತೆ. ಬರೀ ಕೋಣೆಯಿಂದ ಕೋಣೆಗೆ ನಡೆದು ಅಪ್ಪನಿಗೆ ಕೊನೆಗೆ ಬೇಜಾರು ಬಂತು. ನನಗೆ ಬರಲಿಲ್ಲ.

ಈಗ ಕೆಲಸದ ಮಾತು. ಮೆಟ್ಟಿಲಿನ ಸೆಂಟ್ರಿಂಗ್ ಇನ್ನೂ ಹೊಡೆದಿಲ್ಲ ತಾನೇ? ಪ್ಲ್ಯಾನಿನಲ್ಲಿ ಒಂದೊಂದು ಮೆಟ್ಟಿಲು ಏಳು ಇಂಚು ಎತ್ತರ ಇದೆ, ಆರು ಮಾಡಿಸು. ಜಾಗ ಸಾಲದು ಅಂತ ಮೇಸ್ತ್ರಿ ಗೊಣಗಿದರೆ ಗೊಣಗಲಿ, ಮಂಡಿ ನೋಯುವುದು ನಿನ್ನ ಅತ್ತೆಗೂ ನನಗೂ, ಅವನಿಗಲ್ಲ. ಬಾಲ್ಕನಿ ಕುಂಡಗಳ ನೀರು ಕೆಳಗಿನ ಕರಿಬೇವಿನ ಗಿಡಕ್ಕೆ ಹೋಗುವ ಹಾಗೆ ಒಂದು ಪೈಪು ಬಿಡಿಸು. ಮೋಲ್ಡಿನ ದಿನ ಕೆಲಸದವರಿಗೆ ಊಟ ಹಾಕಿಸು, ಒಬ್ಬಟ್ಟು ಇರಲಿ.

ಇಂತಿ ನಿನ್ನ
ಅಮ್ಮ